ಹಳದಿ ಗೆರೆಯ ಈಚೆ

ಸ್ವಿಚ್ಚು ಒತ್ತುವ ಮೊದಲು ವೈಜನಾಥನ ಬಲಗೈ ತಾನಾಗಿಯೇ ಅಂಗಿಯೊಳಗೆ ಹೋಯಿತು. ಕೊರಳಿನ ಶಿವದಾರ ಹಿಡಿದು ಬೆಳ್ಳಿಯ ಕರಡಿಗೆಯನ್ನು ಹೊರಗೆಳೆದು, ಎರಡು ಕಣ್ಣಿಗೂ ಒತ್ತಿಕೊಂಡು, ಅದೇ ಕೈಯಿಂದ ಲೇತ್ ಯಂತ್ರದ ತಲೆಯನ್ನು ಮುಟ್ಟಿದ. ತಿರುವಬೇಕಾದ ಹೊಸ ತುಂಡು, ಹೊಸ ಜಾಬ್, ಹಿಡಿದಾಗಲೆಲ್ಲ ಇಪ್ಪತ್ತೆರಡು ವರ್ಷಗಳಿಂದ ಹೀಗೆಯೇ ಮಾಡುತ್ತ ಬಂದವನು. ಪೇಟೆಯೊಳಗೆ ಮೊಂಢಾದ ಹಳೆಯ ವರ್ಕ್‌ಶಾಪಿನಲ್ಲಿ ಅದನ್ನು ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಅಲ್ಲಿಯ ಉಸ್ತಾದರೂ ಬಿಸ್ಮಿಲ್ಲಾ ಅನ್ನದೆ ಯಂತ್ರಕ್ಕೆ ಪಟ್ಟಾ ಏರಿಸಿದವರಲ್ಲ. ಆದರೆ ಇದು ಊರಾಚೆಯ ಚಿಕಲ್‌ಠಾಣಾದ ಹೊಸ ಕಾರ್ಖಾನೆ.

"ನಿಲ್ಲಿ, ನಿಲ್ಲಿ! ಸ್ವಿಚ್ಚು ಮುಟ್ಬೇಡಿ!"

ಮ್ಯಾನೇಜರ್ ಕೃಷ್ಣರಾಜರು ಎರಡು ಹೆಜ್ಜೆಯಲ್ಲಿ ಬಳಿಗೆ ಬಂದರು. ಉಡುಪಿಯ ಕಡೆಯವರು, ಮುಂಬಯಿಯಲ್ಲಿ ಪಳಗಿದವರು. ವೈಜನಾಥ ಬೀದರ ಜಿಲ್ಲೆಯ ಭಾಲ್ಕಿಯವನೆಂದು ಅರ್ಜಿಯಲ್ಲಿ ನೋಡಿದ್ದರಿಂದ ಊರು ಮರಾಠಿಯದಾದರೂ ಬೆಳಗಿನಿಂದಲೂ ಕನ್ನಡದಲ್ಲಿಯೇ ಮಾತನಾಡಿಸಿದ್ದರು.

"ಕೊರಳಲ್ಲಿ ಅದು ಎಂತದು?"

"ಲಿಂಗ ಅದರಿ, ಸಾಹೇಬ್ರ."

"ಬೆಳಗ್ಗೆಯ ಜಾಬ್ ಕೂಡ ಇದನ್ನು ಹಾಕಿಕೊಂಡೇ ಮಾಡಿದ್ದಾ?"

"ಹುಟ್ಟಿದಾಗಿಂದ ಹಾಕ್ಕೊಂಡೇ ಇದ್ದೀನ್ರಿ."

ಪಕ್ಕದ ಯಂತ್ರದಲ್ಲಿ ಪರೀಕ್ಷೆ ಕೊಡುತ್ತಿದ್ದ ತರುಣನೊಬ್ಬ ಕಿಸಕ್ಕನೆ ನಕ್ಕ. ಕೃಷ್ಣರಾಜರು ನಗಲಿಲ್ಲ. ಬೆಳಿಗ್ಗೆ ವೈಜನಾಥ ತಿರುವಿಕೊಟ್ಟ ಉಕ್ಕಿನ ತುಂಡನ್ನು ಮೇಜಿನಿಂದ ಎತ್ತಿಕೊಂಡು, "ಬನ್ನಿ ನನ್ನ ಜೊತೆ," ಎಂದು ಗಾಜಿನ ಕೋಣೆಯ ಕಡೆಗೆ ನಡೆದರು.

ಕೋಣೆಯಲ್ಲಿ ಅವನನ್ನು ಕುರ್ಚಿಯ ಮೇಲೆ ಕೂರಿಸಿದರು. ತುಂಡನ್ನು ಬೆರಳಿನ ನಡುವೆ ಹೊರಳಿಸಿದರು.

"ನೋಡಿ, ನಾನು ಮೈಕ್ರೋಮೀಟರ್ ಹಿಡಿದು ಮೂರು ಸಲ ಅಳೆದೆ. ಕೂದಲಿನಷ್ಟು ತಪ್ಪಿಲ್ಲ. ನಿಮಗೆ ಸರ್ಟಿಫಿಕೇಟ್ ಇಲ್ಲ ಅಂತ ಬೊಂಬಾಯಿ ಆಫೀಸಿನವರು ಹೇಳಿಯಾರು, ಅದನ್ನು ನಾನು ನೋಡಿಕೊಳ್ತೇನೆ. ಮೂರು ತಿಂಗಳಿಂದ ಪೇಪರಿನಲ್ಲಿ ಜಾಹೀರಾತು ಕೊಡ್ತಾ ಇದ್ದೇನೆ ಮಾರಾಯ್ರೆ. ಹಿಂದುಳಿದ ಜಿಲ್ಲೆ ಅಂತ ಸರ್ಕಾರ ಜಾಗ ಕೊಡ್ತದೆ, ಕರೆಂಟು ಕೊಡ್ತದೆ, ತೆರಿಗೆ ಬಿಡ್ತದೆ. ದುಡ್ಡಿದ್ದವರು ಓಡಿ ಬಂದು ಶೆಡ್ಡು ಕಟ್ತಾರೆ. ಯಂತ್ರವನ್ನು ಜರ್ಮನಿಯಿಂದ ತರಿಸಿದೆವು. ಕೈ ಎಲ್ಲಿಂದ ತರಿಸುವುದು?"

ವೈಜನಾಥ ತನ್ನ ಕೈಗಳನ್ನು ನೋಡಿಕೊಂಡ. ಹೊಗಳಿಕೆ ಕೇಳಿ ಬಹಳ ದಿನವಾಗಿತ್ತು. ಆದರೆ ಮಾತಿನ ಹಿಂದೆ ಇನ್ನೊಂದು ಮಾತು ಬರುವುದಿದೆ ಎಂದು ಅವನಿಗೆ ತಿಳಿದಿತ್ತು.

"ಒಳಗೆ ನೆಲದ ಮೇಲೆ ಹಳದಿ ಗೆರೆ ಉಂಟಲ್ಲ," ಎಂದರು ಕೃಷ್ಣರಾಜರು. "ಕೊರಳಲ್ಲಿ, ಕೈಯಲ್ಲಿ ಏನಾದರೂ ಇದ್ದವ ಅದನ್ನು ದಾಟುವ ಹಾಗಿಲ್ಲ. ಇವತ್ತು ಪರೀಕ್ಷೆಯ ಗಡಿಬಿಡಿಯಲ್ಲಿ ಯಾರೂ ನೋಡಲಿಲ್ಲ, ಅದು ನನ್ನದೇ ತಪ್ಪು. ನಾನು ಸಹ ಮದುವೆಯ ಉಂಗುರ ಇಲ್ಲಿ ಖಾನೆಯಲ್ಲಿಟ್ಟೇ ಒಳಗೆ ಹೋಗುವುದು."

"ರಟ್ಟಿಗೆ ಕಟ್ಕೋತೀನ್ರಿ. ನಮ್ಮ ಹಿರ್ಯಾರು ಕಟ್ತಿದ್ರು."

"ಕೈ ಎಲ್ಲಕ್ಕಿಂತ ಮೆಷಿನ್ನಿಗೆ ಹತ್ತಿರ ಅಲ್ವಾ?"

"ಹಂಗಂದ್ರ ಎದಿಗೆ ಅರಿವಿ ಸುತ್ತಿ ಬಿಗೀತೀನ್ರಿ. ಮ್ಯಾಲ ಅಂಗಿ. ಯಾರಿಗೂ ಕಾಣಲ್ಲ."

ಕೃಷ್ಣರಾಜರು ತುಂಡನ್ನು ಮೇಜಿನ ಮೇಲಿಟ್ಟರು. "ಮೊದಲು ನಾನು ಬೊಂಬಾಯಿಯಲ್ಲಿ ಒಂದು ಕಡೆ ಇದ್ದೆ. ಅಲ್ಲಿ ಒಬ್ಬ ಇದ್ದ, ಪಂಢರಪುರಕ್ಕೆ ನಡೆದು ಹೋಗುವವ. ಕೊರಳಲ್ಲಿ ದಪ್ಪ ತುಳಸಿ ಮಾಲೆ. ಅವನೂ ಹೀಗೆಯೇ ಹೇಳಿದ್ದು, ಅಂಗಿಯ ಒಳಗೆ ಉಂಟಲ್ಲ ಅಂತ. ಬಗ್ಗಿದಾಗ ಹೊರಗೆ ಬಂತು, ಮೆಷಿನ್ ಎಳೆದುಕೊಂಡಿತು." ಅಲ್ಲಿಗೆ ನಿಲ್ಲಿಸಿ, ಮೇಜಿನ ಮೇಲಿದ್ದ ಲೋಟದ ನೀರು ಕುಡಿದರು. "ಅವನ ಹೆಂಡತಿಗೆ ಹೇಳ್ಲಿಕ್ಕೆ ಹೋದವ ನಾನು. ನಿಮಗೆ ಲಿಂಗ ಬಿಟ್ರೆ ಇನ್ನೊಬ್ಬನಿಗೆ ತಾಯಿತ ಬಿಡಬೇಕು. ಆಗ್ಲಿಕ್ಕಿಲ್ಲ. ಮನೆಯಲ್ಲಿ ಕೇಳಿ, ನಾಳೆ ಹತ್ತು ಗಂಟೆಗೆ ಬನ್ನಿ. ಜಾಗ ಖಾಲಿ ಇಡ್ತೇನೆ."

ಆ ಮನುಷ್ಯ ಸುಳ್ಳು ಹೇಳುವವನಲ್ಲ ಎಂದು ವೈಜನಾಥನಿಗೆ ಗೊತ್ತಾಯಿತು. ಬೈದು ಕಳಿಸಿದ್ದರೆ ಮನೆಗೆ ಹೋಗುವುದು ಇದಕ್ಕಿಂತ ಹಗುರವಾಗುತ್ತಿತ್ತು.

ಗೇಟಿನ ಹೊರಗೆ ಬಸ್ಸಿಗಾಗಿ ನಿಂತಾಗ, ನಕ್ಕಿದ್ದ ತರುಣ ಬಂದು ಪಕ್ಕದಲ್ಲಿ ನಿಂತ. ಹೆಸರು ಸುಧಾಕರನಂತೆ. ನಾಸಿಕದಲ್ಲಿ ಅವರಪ್ಪನ ಉಡುಪಿ ಹೋಟೆಲು ಇದೆಯಂತೆ.

"ಕಾಕಾ, ಸಿಟ್ಟು ಮಾಡ್ಬೇಡಿ ಹಾಂ. ಹಸೂ ಬಂತು, ನಕ್ಕೆ. ನನ್ನ ಕನ್ನಡ ಥೋಡಾ ಹೀಗೇ."

"ಹೋಟೆಲ್ ಬಿಟ್ಟು ಇಲ್ಲಿಗ್ಯಾಕ ಬಂದೀಯೋ ತಮ್ಮಾ?"

"ಪಪ್ಪಾ ಬೋಲ್ತಾರೆ, ಗಲ್ಲೆ ಮೇಲೆ ಕೂತ್ಕೋ. ಆಯುಷ್ಯಭರ್ ಇಡ್ಲಿ ಲೆಕ್ಕ ಮಾಡು. ನಕೋ ರೇ ಬಾಬಾ! ಐಟಿಐ ಕೇಲಾ ಮೀ, ಅದೇ ಕಲ್ತೆ." ಆಮೇಲೆ ದನಿ ತಗ್ಗಿಸಿ ಕೇಳಿದ, "ನಿಮ್ಮ ಜಾಬ್ ನೋಡ್ದೆ ಕಾಕಾ. ಅಷ್ಟು ಚಕಚಕ ಹೇಗೆ ಬರ್ತದೆ? ನಂದು ಎಲ್ಲ ಖರಬರ."

"ಟೂಲಿನ ಮೂಗು ನೋಡಬೇಕು, ಉಕ್ಕು ಕೊರಿಯೋ ತುದಿ. ಅದಕಿಂತ ಮೊದ್ಲು ಅದರ ದನಿ ಕೇಳಬೇಕು. ಕಿರಗುಟ್ಟಿತಂದ್ರ ಬಿಚ್ಚಿ ಬದಲಿ ಮಾಡು. ಬಾಯಿ ಇಲ್ಲದ್ದು, ಅದು ಹಾಂಗೇ ಮಾತಾಡ್ತದ."

"ಐಟಿಐದಲ್ಲಿ ಅದು ಹೇಳ್ಲಿಲ್ಲ," ಎಂದ ಸುಧಾಕರ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ವೈಜನಾಥನ ಕಣ್ಣ ಮುಂದೆ ಹೊಸ ಶೆಡ್ಡುಗಳು ಒಂದರ ಹಿಂದೊಂದು ಹೋದವು. ಕೆಲವಕ್ಕೆ ಇನ್ನೂ ತಗಡು ಹೊದಿಸಿರಲಿಲ್ಲ. ಹತ್ತು ವರ್ಷದ ಹಿಂದೆ ಇಲ್ಲಿ ಬರೀ ಜೋಳದ ಹೊಲ. ಈ ಶೆಡ್ಡುಗಳು ಬಂದ ಮೇಲೆಯೇ ಮೊಂಢಾದ ವರ್ಕ್‌ಶಾಪಿಗೆ ಕೆಲಸ ಕಡಿಮೆಯಾದದ್ದು. ಅದಕ್ಕೆ ಕೆಲಸ ಕೊಡುತ್ತಿದ್ದ ಹತ್ತಿಯ ಜಿನ್ನಿಂಗ್ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಉಸ್ತಾದರು ತೀರಿಕೊಂಡ ಮೇಲೆ ಮಾಲೀಕ ದೀಪಾವಳಿಗೆ ಲೇತುಗಳನ್ನು ತೂಕಕ್ಕೆ ಮಾರಿಬಿಟ್ಟ. ಜೊತೆಯಲ್ಲಿ ದುಡಿಯುತ್ತಿದ್ದ ರೇವಣಪ್ಪ ನಾಸಿಕದ ಸಾತಪುರಕ್ಕೆ ಹೋಗಿ ಅಲ್ಲಿಂದ ಕಾರ್ಡು ಬರೆದಿದ್ದ: ಇಲ್ಲಿಯೂ ಕಾಗದ ಕೇಳುತ್ತಾರೆ, ಕೈ ನೋಡುವವರಿಲ್ಲ, ನಾನು ಪಕ್ಕದ ಸಿನ್ನರಿನಲ್ಲಿ ಕಾವಲುಗಾರನಾಗಿದ್ದೇನೆ. ಇಲ್ಲಿ ಕೈ ನೋಡುವವರೊಬ್ಬರು ಸಿಕ್ಕಿದ್ದರು. ಇದು ತಪ್ಪಿದರೆ ಉಳಿದದ್ದು ಭಾಲ್ಕಿಯಲ್ಲಿ ಅಣ್ಣನ ಮನೆ. ಅಲ್ಲಿಗೆ ಹೋದರೆ ಮಗಳು ಕಸ್ತೂರಿಯ ಮಾಸ್ತರಿಕೆಯ ಓದು ಇನ್ನೊಂದು ವರ್ಷವಿರುವಾಗಲೇ ನಿಲ್ಲುತ್ತದೆ.

ಗುಲ್ಮಂಡಿಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ಕಳೆದ ಶ್ರಾವಣದಲ್ಲಿ ಅವಳ ತಾಯಿ ಸಂಗಮ್ಮ ತೀರಿಕೊಂಡಾಗಿನಿಂದ ರೊಟ್ಟಿಯ ಸದ್ದು ಆ ಮನೆಯಲ್ಲಿ ಬದಲಾಗಿತ್ತು. ಸಂಗಮ್ಮ ನಿಧಾನ ಬಡಿಯುತ್ತಿದ್ದಳು. ಇವಳದು ಅವಸರ.

"ಏನಂದ್ರಪ್ಪಾ? ಝಾಲಾ ಕಾ, ಆಯ್ತೇನು?"

ಅವನು ಕಾಲು ತೊಳೆದು ಬಂದು ಕೂತು ಎಲ್ಲವನ್ನೂ ಹೇಳಿದ. ಅವಳು ಹಂಚಿನ ಮೇಲಿನ ರೊಟ್ಟಿ ಹೊರಳಿಸುವುದನ್ನು ಮರೆತು ಕೇಳಿದಳು.

"ಎಂಟು ತಾಸಿನ ಮಾತಪ್ಪಾ. ದೇವರ ಜಗಲಿ ಮ್ಯಾಲ ಇಟ್ಟು ಹೋಗ್ರಿ, ಬಂದು ಹಾಕ್ಕೋರಿ. ದೇವ್ರಿಗೆ ತಿಳೀದೇನು?"

"ತಿಳೀತದ."

"ಮತ್ತ?"

ಅವನು ಅಂಗಿಯ ಮೇಲಿಂದಲೇ ಕರಡಿಗೆಯನ್ನು ಮುಟ್ಟಿಕೊಂಡ. ರೊಟ್ಟಿ ಹೊತ್ತಿದ ವಾಸನೆ ಬಂತು. ಅವಳು ಅದನ್ನು ಬರಿಗೈಯಿಂದಲೇ ಎತ್ತಿ ಬುಟ್ಟಿಗೆ ಹಾಕಿ, ಬೆರಳು ಊದಿಕೊಳ್ಳುತ್ತ, ಒಲೆಯ ಕಡೆಗೆ ಮುಖ ಮಾಡಿ ಹೇಳಿದಳು:

"ನಾ ಕಾಲೇಜಿಗಿ ಹೋಗುವಾಗ ತೆಗೆದಿಟ್ಟೇ ಹೋಗ್ತೀನಿ. ಎರಡು ವರ್ಷ ಆಯ್ತು."

"ಏನಂದಿ?"

"ಆಟದ ಪಿರಿಯಡ್ ಇರ್ತದ. ಓಡುವಾಗ ಎದಿಗಿ ಬಡೀತದ. ಪೋರಿಗೋಳು ಎಲ್ಲಾರ ಮುಂದ ಕೇಳ್ತಾರ, ಹೇ ಕಾಯ್ ಗ, ಡಬ್ಬೀತ್ ಕಾಯ್ ಆಹೆ, ಡಬ್ಬ್ಯಾಗ ಏನದ ಅಂತ. ಅವ್ವಗ ಗೊತ್ತಿತ್ತು. ಆಕೀನೇ ಅಂದಿದ್ಲು, ನಿಮ್ಮಪ್ಪಗ ಹೇಳಬ್ಯಾಡ, ಸಂಜಿಗಿ ಬಂದು ಹಾಕ್ಕೋ, ವಿಭೂತಿ ಹಚ್ಕೊಂಡು ತಪ್ಪಾಯ್ತು ಅನ್ನು, ಸಾಕು ಅಂತ."

ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ತನ್ನ ಮನೆಯೊಳಗೆ ತನಗೆ ತಿಳಿಯದ ಒಂದು ಸಣ್ಣ ಕೋಣೆ ಇದ್ದಂತೆ, ಅದರಲ್ಲಿ ತಾಯಿ ಮಗಳು ಕೂತು ಪಿಸುಮಾತಾಡಿದಂತೆ ಅನಿಸಿ, ಅಲ್ಲಿಗೆ ಹೋಗಿ ಇನ್ನೊಮ್ಮೆ ಸಂಗಮ್ಮನ ದನಿ ಕೇಳುವ ಹಾಗಿದ್ದರೆ ಎಂದುಕೊಂಡ.

"ಅವ್ವ ಇದ್ದಿದ್ರ ನಿಮಗೂ ತೆಗೀರಿ ಅಂತಿದ್ಲು," ಎಂದಳು ಕಸ್ತೂರಿ.

"ಅಂತಿದ್ಲು," ಎಂದ ವೈಜನಾಥ. "ಖರೆ."

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ ಪೂಜೆಗೆ ಕೂತ. ಮಗಳು ಹೇಳಿದ ಹಾಗೆಯೇ ಮಾಡುವುದೆಂದು ರಾತ್ರಿಯೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಪೂಜೆ ಮುಗಿಸಿ ಜಗಲಿಯ ಮೇಲಿಡುವುದು, ಒಂದು ಬಿಲ್ವಪತ್ರೆ ಏರಿಸುವುದು, ಹಿಂದೆ ನೋಡದೆ ಹೋಗುವುದು. ಕರಡಿಗೆಯಿಂದ ಲಿಂಗವನ್ನು ತೆಗೆದು ಎಡದ ಅಂಗೈಯಲ್ಲಿಟ್ಟುಕೊಂಡು ನೀರೆರೆದ.

ಪೂಜೆಗಲ್ಲದೆ ಮೈಮೇಲಿಂದ ಇಳಿಸಿದ ಲಿಂಗವನ್ನು ಅವನು ನೋಡಿದ್ದು ಒಂದೇ ಸಲ. ರುದ್ರಭೂಮಿಯಲ್ಲಿ ಸಂಗಮ್ಮನನ್ನು ಕುಳ್ಳಿರಿಸಿದ ಮೇಲೆ, ಜಂಗಮರು ಅವಳ ಕೊರಳಿನದನ್ನು ಬಿಚ್ಚಿ ಎಡದ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಚಿದ್ದರು. ಕಿರುಬೆರಳು ಮಡಿಯಲೊಲ್ಲದೆ ನಿಂತಿತ್ತು. "ನೀವೇ ಮಡಚ್ರಿ," ಎಂದಿದ್ದರು ಅವರು. ಅದನ್ನು ಮಡಿಚಿದವನು ವೈಜನಾಥ. ಇಬ್ಬರಿಗೂ ಲಿಂಗ ಕೊಟ್ಟ ಗುರು ಒಬ್ಬರೇ. ಅವಳದು ಮಣ್ಣಿನೊಳಗೆ, ಇವನದು ಕೊರಳಲ್ಲಿ. ಅಷ್ಟು ಮಾತ್ರ ನಡುವೆ ಉಳಿದದ್ದು.

ಅಂಗೈಯ ನೀರು ಮೊಣಕೈಯವರೆಗೆ ಇಳಿದು ಧೋತರ ತೋಯಿಸಿತು. ಅವನು ಲಿಂಗವನ್ನು ಒರೆಸಿ ಕರಡಿಗೆಯಲ್ಲಿಟ್ಟು, ಶಿವದಾರವನ್ನು ಮತ್ತೆ ಕೊರಳಿಗೆ ಹಾಕಿಕೊಂಡ. ಬಾಗಿಲಲ್ಲಿ ನಿಂತಿದ್ದ ಕಸ್ತೂರಿ ನೋಡಿದಳು. ಬುತ್ತಿಯ ಡಬ್ಬಿಯನ್ನು ಕೈಗೆ ಕೊಟ್ಟಳು.

"ಮಷೀನ್ ಬ್ಯಾಡ್ರಿ, ಸಾಹೇಬ್ರ," ಎಂದ ಅವನು ಗಾಜಿನ ಕೋಣೆಯಲ್ಲಿ ನಿಂತು. "ನಿಮ್ದೇನೂ ತಪ್ಪಿಲ್ರಿ. ನೀವು ಹೇಳಿದ್ದು ಖರೆ ಅದ. ನನ್ನ ಕಡಿಂದ ಆಗಲ್ರಿ. ಗೆರಿ ಈಚಿಗೆ ಏನರ ಇದ್ರ ಕೊಡ್ರಿ. ಹುಡುಗಿ ಓದು ಇನ್ನೊಂದು ವರ್ಷ ಅದ."

ಕೃಷ್ಣರಾಜರು ಎದ್ದು ಕಿಟಕಿಯಿಂದ ಒಳಗಿನ ಯಂತ್ರಗಳನ್ನು ನೋಡಿದರು. ಎಂಟು ಲೇತುಗಳಲ್ಲಿ ಮೂರರ ಮೇಲಿನ ಹೊದಿಕೆ ಇನ್ನೂ ತೆಗೆದಿರಲಿಲ್ಲ.

"ಟೂಲ್ ಕೊಡುವ ಖಿಡಕಿ ಉಂಟು," ಎಂದರು ಕೊನೆಗೆ. "ಕೇಳಿದವರಿಗೆ ಟೂಲ್ ಕೊಡುವುದು, ಅವರ ಬಿಲ್ಲೆ ಮೊಳೆಗೆ ತೂಗುಹಾಕುವುದು. ಅದು ಹೆಲ್ಪರ್ ಗ್ರೇಡು ಮಾರಾಯ್ರೆ. ಅದಕ್ಕಿಂತ ಮೇಲೆ ಬರೆಯಲಿಕ್ಕೆ ನನಗೆ ಅಧಿಕಾರ ಇಲ್ಲ. ನಿಮ್ಮ ಕೈಗೆ..." ಅವರು ಮೇಜಿನ ಮೇಲಿದ್ದ ಉಕ್ಕಿನ ತುಂಡನ್ನು ಆಚೆ ಸರಿಸಿದರು.

"ಆಯ್ತ್ರಿ," ಎಂದ ವೈಜನಾಥ.

ಸೋಮವಾರದಿಂದ ಅವನು ತಂತಿಬಲೆಯ ಆ ಖಿಡಕಿಯ ಹಿಂದೆ ಕೂತ. ಹಳದಿ ಗೆರೆ ಅದರ ಮುಂದೆ ಒಂದು ಮೊಳ ದೂರದಲ್ಲಿಯೇ ಹಾದುಹೋಗಿತ್ತು. ಬೆಳಿಗ್ಗೆ ಒಬ್ಬೊಬ್ಬರಾಗಿ ಬಂದು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ಕೊಟ್ಟು ಟೂಲು ಒಯ್ದರು. ಎಲ್ಲರೂ ಇಪ್ಪತ್ತು ಇಪ್ಪತ್ತೆರಡರವರು, ಜೇಬಿನಲ್ಲಿ ಬಾಚಣಿಗೆ ಇಟ್ಟವರು. ಸುಧಾಕರನಿಗೆ ಮೂರನೆಯ ಯಂತ್ರ ಸಿಕ್ಕಿತ್ತು.

"ಕಾಕಾ, ತುಮ್ಹೀ ಇಥೇ?" ಎಂದು ಅವನು ನಿಂತುಬಿಟ್ಟ. "ನೀವು ಆ ಮೆಷಿನ್ ಮೇಲೆ ಅಂತ ನಾನು..."

"ಬಿಲ್ಲೆ ಕೊಡೋ ತಮ್ಮಾ, ಹಿಂದ ಮಂದಿ ನಿಂತಾರ."

ಹನ್ನೊಂದು ಗಂಟೆಯ ಹೊತ್ತಿಗೆ ಐದು ಯಂತ್ರಗಳೂ ಓಡತೊಡಗಿ ಶೆಡ್ಡಿನ ತಗಡು ಸಣ್ಣಗೆ ನಡುಗುತ್ತಿತ್ತು. ಖಿಡಕಿಗೆ ಯಾರೂ ಬರುವವರಿರಲಿಲ್ಲ. ವೈಜನಾಥ ಕಣ್ಣು ಮುಚ್ಚಿ ಕೂತಿದ್ದ. ಐದು ದನಿಗಳಲ್ಲಿ ಒಂದು ಸ್ವಲ್ಪ ಸ್ವಲ್ಪವಾಗಿ ಬೇರೆಯಾಯಿತು. ಮೊದಲು ಸಣ್ಣ ಉಸಿರಿನಂತೆ, ಆಮೇಲೆ ಕಿರ್ರೆಂದು. ಮೂರನೆಯದು. ಅವನು ಕಣ್ಣು ತೆರೆದು ನೋಡಿದ. ಸುಧಾಕರ ಬಗ್ಗಿ, ನಾಲಗೆ ಕಚ್ಚಿಕೊಂಡು, ಹಿಡಿಕೆಯನ್ನು ಇನ್ನೂ ಒತ್ತಿ ತಿರುಗಿಸುತ್ತಿದ್ದ.

ವೈಜನಾಥ ಕರೆಯಲು ಬಾಯಿ ತೆರೆದ. ಆ ಸದ್ದಿನಲ್ಲಿ ದನಿ ಗೆರೆಯನ್ನೂ ದಾಟುವಂತಿರಲಿಲ್ಲ. ಅವನು ಎದ್ದು, ಹಲಗೆಗಳ ಮೇಲೆ ಸಾಲಾಗಿದ್ದ ಟೂಲುಗಳಲ್ಲಿ ಒಂದೊಂದನ್ನೇ ಬೆಳಕಿಗೆ ಹಿಡಿದು ಮೂಗು ನೋಡಿ, ಆರನೆಯದನ್ನು ಆರಿಸಿದ. ಅರಿವೆಯಿಂದ ಎಣ್ಣೆ ಒರೆಸಿ ಖಿಡಕಿಯ ಕಟ್ಟೆಯ ಮೇಲೆ, ಹೊರಗಿನಿಂದ ಕೈಗೆ ಸಿಗುವಂತೆ ಇಟ್ಟು, ಬಂದು ಸ್ಟೂಲಿನ ಮೇಲೆ ಕೂತ.

ಮೂರನೆಯ ಯಂತ್ರ ಇನ್ನೂ ಕಿರಗುಟ್ಟುತ್ತಲೇ ಇತ್ತು.