ಎಚ್ಚರಕ್ಕೆ ಮೊದಲಿನ ಹನಿ

ವಿಕ್ರೋಳಿಯ ಹಳೆಯ ಕಾರ್ಖಾನೆಯೊಂದರ ಮೇಲ್ಮಹಡಿಯಲ್ಲಿದ್ದ ಆ ಪ್ರಯೋಗಾಲಯದಲ್ಲಿ ಇಲಿಗಳು ಹಗಲೆಲ್ಲ ಮಲಗುತ್ತಿದ್ದವು. ಹರಿಣಿ ಅವುಗಳ ನಿದ್ದೆಯನ್ನು ಕಾಯುತ್ತಿದ್ದಳು. ಪ್ರತಿಯೊಂದು ಇಲಿಯ ನೆತ್ತಿಯಲ್ಲೂ ಒಂದು ತೆಳುವಾದ ಸೂಜಿ ಕೂತಿತ್ತು. ಅದರೊಳಗೆ ಹಾದ ಉಪ್ಪುನೀರು ಮಿದುಳಿನ ರಾಸಾಯನಿಕಗಳನ್ನು ಒಂದಿಷ್ಟು ಹೀರಿಕೊಂಡು, ಸಪೂರ ನಳಿಗೆಯಲ್ಲಿ ತೆವಳಿ, ಮೇಜಿನ ಮೇಲಿನ ಯಂತ್ರದಲ್ಲಿ ಹನಿಹನಿಯಾಗಿ ಪುಟ್ಟ ಸೀಸೆಗಳಿಗೆ ಬೀಳುತ್ತಿತ್ತು. ಇಲಿ ಮಲಗಿದೆಯೋ ಎದ್ದಿದೆಯೋ ಎಂಬುದನ್ನು ತಲೆಯ ಮೇಲಿನ ತಂತಿಗಳು ಕಂಪ್ಯೂಟರಿಗೆ ತಿಳಿಸುತ್ತಿದ್ದವು. ಹನಿಯಲ್ಲಿ ನಾರ್‌ಅಡ್ರಿನಾಲಿನ್ ಎಂಬ ರಾಸಾಯನಿಕ ಎಷ್ಟಿದೆಯೆಂದು ಅಳೆದು, ಅದನ್ನು ಇಲಿಯ ನಿದ್ದೆ-ಎಚ್ಚರಗಳಿಗೆ ಹೊಂದಿಸುವುದು ಅವಳ ಪಿಎಚ್‌ಡಿಯ ಕೆಲಸ.

ಹೊಂದಿಸುವಲ್ಲಿ ಒಂದು ಲೆಕ್ಕವಿತ್ತು. ಮಿದುಳನ್ನು ಬಿಟ್ಟ ಹನಿ ಸೀಸೆಗೆ ಬಂದು ಬೀಳಲು ಹನ್ನೆರಡು ನಿಮಿಷ ಹಿಡಿಯುತ್ತಿತ್ತು. ಆದ್ದರಿಂದ ಪ್ರತಿ ಹನಿಯನ್ನೂ ಅಷ್ಟು ನಿಮಿಷ ಹಿಂದಕ್ಕೆ ಸರಿಸಿ, ಆಗ ಇಲಿ ಏನು ಮಾಡುತ್ತಿತ್ತೆಂದು ನೋಡಬೇಕು.

ಆ ರಾಸಾಯನಿಕ ನಿದ್ದೆಯಲ್ಲಿ ಇಳಿದು ಎಚ್ಚರದಲ್ಲಿ ಏರುತ್ತದೆ ಎಂಬುದು ಬಲ್ಲವರಿಗೆಲ್ಲ ಹಳೆಯ ಸುದ್ದಿ. ಅವಳು ಬೇಸಿಗೆಯಲ್ಲಿ ಅಳೆದ ಇಲಿಗಳೂ ಅದನ್ನೇ ಹೇಳಿದ್ದವು. ಆದರೆ ಮಳೆಗಾಲದ ಇಲಿಗಳು ಬೇರೆ ರಾಗ ತೆಗೆದವು: ಇಲಿಯಿನ್ನೂ ಗಾಢವಾಗಿ ಮಲಗಿರುವಾಗಲೇ, ಎಚ್ಚರಕ್ಕೆ ಎಂಟು ನಿಮಿಷ ಮೊದಲೇ, ಅದು ಏರತೊಡಗುತ್ತಿತ್ತು. ಏಳುವುದು ದೇಹಕ್ಕೆ ತಿಳಿಯುವ ಮೊದಲೇ ಮಿದುಳಿಗೆ ತಿಳಿದಿರುತ್ತದೆ! ಇಂಥದ್ದನ್ನು ಯಾರೂ ಹೇಳಿರಲಿಲ್ಲ. ಆಗಿನ್ನೂ ಹರಿಣಿಯ ಕೈ ಪಳಗಿರಲಿಲ್ಲ, ಸೂಜಿ ಸರಿಯಾಗಿ ಕೂತಿರಲಿಕ್ಕಿಲ್ಲ ಎಂದು ಅವಳೂ ಮಾರ್ಗದರ್ಶಕಿ ರಾಧಿಕಾ ಮೇಡಂ ಅವರೂ ಬೇಸಿಗೆಯ ಇಲಿಗಳನ್ನು ಲೆಕ್ಕದಿಂದ ಕೈಬಿಟ್ಟರು. ಮೇಡಂ ಪುಣೆಯ ಸಮ್ಮೇಳನದಲ್ಲಿ ಈ ವಿಷಯವನ್ನೇ ಮಂಡಿಸಲು ಒಪ್ಪಿಕೊಂಡರು. ಪ್ರಬಂಧದ ಮೊದಲ ಹೆಸರು ಹರಿಣಿಯದು. ಭಾಂಡುಪಿನ ಮನೆಯಲ್ಲಿ ಅವಳು ಈ ಸಂಗತಿಯನ್ನು ಅಮ್ಮನಿಗೆ ವಿವರಿಸಿದಾಗ, "ಇಲಿಗಾದರೂ ಏಳುವುದು ಗೊತ್ತಾಗ್ತದಲ್ಲ, ನಿನಗೆ ಅದೂ ಇಲ್ಲ" ಎಂದು ಅಮ್ಮ ನಕ್ಕಿದ್ದರು.

ಸಮ್ಮೇಳನಕ್ಕೆ ಎರಡು ದಿನವಿರುವಾಗ ಮೇಡಂ ಇಡೀ ಏರ್ಪಾಡಿನದೊಂದು ಫೋಟೋ ಕೇಳಿದರು. ನೀರಿಗೂ ನಳಿಗೆಗೂ ಬಣ್ಣವಿಲ್ಲ. ಫೋಟೋದಲ್ಲಿ ಏನೂ ಕಾಣದು. ಉಪಕರಣಗಳನ್ನು ನೋಡಿಕೊಳ್ಳುವ ಧನರಾಜ್ ಸಾಂತಾಕ್ರೂಜಿನ ತನ್ನ ಮಾವನ ಹೋಟೆಲಿನಿಂದ ಒಂದು ಪೊಟ್ಟಣ ತಂದ.

"ತಕೋ ಮಾರಾಯ್ತಿ, ಕೇಸರಿಬಾತಿನ ಬಣ್ಣ. ಉಳಿದರೆ ವಾಪಸ್ ಕೊಡು, ಮಾವ ಲೆಕ್ಕ ಕೇಳ್ತಾರೆ."

ಇಲಿಯಿಲ್ಲದ ಪಂಜರವೊಂದರ ನಳಿಗೆಗೆ ಹರಿಣಿ ಕೇಸರಿ ನೀರು ಹರಿಯಬಿಟ್ಟಳು. ಅದು ಯಂತ್ರ ಮುಟ್ಟಲು ಹನ್ನೆರಡು ನಿಮಿಷ ಬೇಕೆಂದು ಚಹಾ ಕುಡಿಯಲು ಹೋದಳು. ಲೋಟ ಅರ್ಧವಾಗುವ ಮೊದಲೇ ಧನರಾಜ್ ಕೂಗಿದ: "ಬಾ ಬಾ, ನಿನ್ನ ಕೇಸರಿಬಾತು ರೆಡಿ!"

ಅವಳು ನಂಬಲಿಲ್ಲ. ನಳಿಗೆಯನ್ನು ತೊಳೆದು, ಗಡಿಯಾರ ಹಿಡಿದು ಮತ್ತೆ ಹರಿಸಿದಳು. ನಾಲ್ಕೇ ನಿಮಿಷ.

"ಅಣ್ಣ, ಈ ಟ್ಯೂಬ್ ಛೋಟಾ ಹೇಗಾಯ್ತು?"

"ಜೂನಲ್ಲಿ ಸೀಲಿಂಗ್ ಸೋರಿತಲ್ಲ? ಪಂಜರಗಳನ್ನು ಮಿಷಿನ್ ಹತ್ತಿರ ತಂದಿಟ್ಟೆ. ಮಿಕ್ಕ ಟ್ಯೂಬ್ ಜೋತುಬಿದ್ದಿತ್ತು. ಇಲಿ ಕಡಿಯುದಿಲ್ವಾ? ಎಲ್ಲದನ್ನೂ ಕತ್ತರಿಸಿದೆ. ನೀಟಾಯ್ತು, ಥ್ಯಾಂಕ್ಯೂ ಅಂತ ನೀನೇ ಹೇಳಿದ್ದು."

ಹೌದು, ಹೇಳಿದ್ದಳು. ನಳಿಗೆ ಗಿಡ್ಡವಾದದ್ದನ್ನು ಕಣ್ಣು ಕಂಡಿತ್ತು. ಲೆಕ್ಕ ಮಾತ್ರ ಹಳೆಯದೇ ಉಳಿದಿತ್ತು. ನಾಲ್ಕು ನಿಮಿಷದಲ್ಲಿ ಬಂದ ಹನಿಯನ್ನು ಹನ್ನೆರಡು ನಿಮಿಷ ಹಿಂದಕ್ಕೆ ದೂಡಿದರೆ, ಎದ್ದ ಇಲಿಯ ಹನಿ ಮಲಗಿದ ಇಲಿಯ ಮೇಲೆ ಹೋಗಿ ಕೂರುತ್ತದೆ. ಹೆಚ್ಚಾದದ್ದು ಸರಿಯಾಗಿ ಎಂಟು ನಿಮಿಷ.

ಅವಳು ವಿವರಿಸಿದಾಗ ಧನರಾಜನ ಮುಖ ಇಳಿಯಿತು. "ಹೇಳದಿದ್ದರೆ ಯಾರಿಗೆ ಗೊತ್ತಾಗ್ತದೆ?" ಎಂದ. ಅರ್ಧ ತಮಾಷೆ, ಉಳಿದರ್ಧ ಏನೆಂದು ಅವನಿಗೂ ತಿಳಿದಿರಲಾರದು. ಇನ್ನೆಲ್ಲಿಯೋ ಇನ್ನೊಬ್ಬರು ಇದನ್ನು ಮಾಡಿ ನೋಡುತ್ತಾರೆ, ಅವರ ಇಲಿಗಳಲ್ಲಿ ಅದು ಎದ್ದಾಗಲೇ ಏರುತ್ತದೆ. ಅಷ್ಟು ಯೋಚಿಸಲು ಹರಿಣಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ; ಮೇಡಂ ಕೋಣೆಯವರೆಗೆ ನಡೆಯಲು ಹಿಡಿಯಿತು.

ಧಾರವಾಡದ ರಾಧಿಕಾ ಮೇಡಂ ಕೋಪ ಬಂದಷ್ಟೂ ದನಿ ತಗ್ಗಿಸುವವರು. ಎಲ್ಲವನ್ನೂ ಕೇಳಿ, ಬಹಳ ಮೆಲ್ಲಗೆ, "ಟ್ಯೂಬ್ ಯಾರು ಕತ್ತರಿಸಿದ್ರವಾ?" ಎಂದರು.

"ಕತ್ತರಿಸಿದ್ದು ತಪ್ಪಲ್ಲ ಮೇಡಂ. ಆಮೇಲೆ ಟೈಮ್ ನಾನು ಅಳೀಲಿಲ್ಲ."

"ನಾನೂ ಕೇಳಲಿಲ್ಲ. ಹೊಸಾದು ಸಿಕ್ಕತಲ್ಲ, ಕುಣದ್ಯಾಡಿದ್ವಿ. ಬ್ಯಾಸಗಿ ಇಲಿಗೋಳ್ನ ಕೆಟ್ಟಾವು ಅಂತ ತಗದಿಟ್ವಿ ನೋಡು. ಪಾಪ, ಖರೆ ಹೇಳಿದ್ದು ಅವಾ."

"ಪುಣೆಗೆ ಏನು ಹೇಳೋದು?"

"ಇದ್ದದ್ದು ಹೇಳೂದು. ಏರೂದು ಎದ್ದಾಗನ, ಮೊದಲಲ್ಲ ಅಂತ. ಕೇಳಾಕ ನಾಕ ಮಂದಿ ಕುಂತ್ರ ದೊಡ್ಡದು. ನಿನ್ನ ಪೇಪರು ದೊಡ್ಡ ಜರ್ನಲ್ಲಿಗೆ ಹೋಗಾಂಗಿಲ್ಲ, ತಿಳೀತಿಲ್ಲೋ?"

"ತಿಳೀತು."

"ಹಂಗಾದ್ರ ಹೋಗು, ಬ್ಯಾಸಗೀವೂ ಮಳಿಗಾಲದಾವೂ ಕೂಡ್ಸು."

ಉಳಿದ ನಳಿಗೆಗಳಲ್ಲೂ ಬಣ್ಣ ಹರಿಸಿ, ಎಲ್ಲದರಲ್ಲೂ ನಾಲ್ಕೇ ನಿಮಿಷವೆಂದು ಅಳೆದು ನೋಡಿ, ಹರಿಣಿ ಕಂಪ್ಯೂಟರಿನ ಮುಂದೆ ಕೂತಳು. ಹನ್ನೆರಡನ್ನು ಅಳಿಸಿ ನಾಲ್ಕು ಬರೆದಾಗ ನಕ್ಷೆಯಲ್ಲಿ ಮಳೆಗಾಲದ ಗೆರೆ ಬಲಕ್ಕೆ ಸರಿದು, ಬೇಸಿಗೆಯ ಗೆರೆಯ ಮೇಲೆ ಮಲಗಿಕೊಂಡಿತು. ಎಲ್ಲ ಇಲಿಗಳೂ ಕೂಡಿದಾಗ ಉಳಿದದ್ದು ಒಂದೇ ಏರಿಕೆ, ಎಚ್ಚರವಾದ ಕ್ಷಣಕ್ಕೆ ನೆಟ್ಟಗೆ. ಮೂರು ತಿಂಗಳಿಂದ ಅವಳದಾಗಿದ್ದ ಆ ಎಂಟು ನಿಮಿಷಗಳ ಜಾಗದಲ್ಲಿ ಗೆರೆ ಸಪಾಟಾಗಿತ್ತು.

ಅವಳು ಅದನ್ನು ಹಿಗ್ಗಿಸಿ ಒಮ್ಮೆ ನೋಡಿದಳು. ಏನೂ ಇರಲಿಲ್ಲ. ಚಿತ್ರವನ್ನು ಮೇಡಂಗೆ ಕಳಿಸಿ, ನಾಳೆಯ ಇಲಿಗೆ ನಳಿಗೆ ಜೋಡಿಸಲು ಎದ್ದಳು.