ಹನ್ನೊಂದು ಪೆಟ್ಟು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಬೆಳಗಿನ ರೈಲಿನಲ್ಲಿ ಎಲ್ಲರ ತೊಡೆಯ ಮೇಲೂ ಬುತ್ತಿಯಿದ್ದರೆ ವೆಂಕಟೇಶಪ್ಪನ ತೊಡೆಯ ಮೇಲೆ ಒಂದು ಕಾಗದದ ಸುರುಳಿಯಿತ್ತು. ಅದನ್ನು ಒಂದು ಮೊಳ ಬಿಚ್ಚುವುದು, ನೋಡಿ ಹಲ್ಲು ಕಡಿಯುವುದು, ಮತ್ತೆ ಸುತ್ತುವುದು. ಎದುರು ಕೂತಿದ್ದ ಸೋದರಮಾವ ಮುನಿನಾರಾಯಣಪ್ಪ ಎಲೆಅಡಿಕೆ ಜಗಿಯುತ್ತ ಇದನ್ನೇ ನೋಡುತ್ತಿದ್ದ.

"ನೆನ್ನೇನೂ ನೆಗೀತೇನ್ಲಾ ನಿನ್ನ ಸೂಜಿ?"

"ಹನ್ನೊಂದು ಸಲ. ದಿನಾ ಅದೇ ಹೊತ್ತಿಗೆ, ಅದೇ ಹನ್ನೊಂದು ಸಲ. ನನ್ನ ಕರ್ಮ!"

ಅದು ೧೯೬೪. ವೆಂಕಟೇಶಪ್ಪ ಬೆಂಗಳೂರಿನ ಸಂಸ್ಥೆಯೊಂದರಲ್ಲಿ ವಿದ್ಯುತ್ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟಿಗೆ ಸಂಶೋಧನೆ ನಡೆಸುತ್ತಿದ್ದ. ಚಿನ್ನದ ಗಣಿಯ ಆಳದಲ್ಲಿ ಬಂಡೆ ಸಿಡಿದು ಆಳುಗಳು ಸಾಯುತ್ತಾರಲ್ಲ, ಸಿಡಿಯುವ ಮುನ್ನವೇ ಎಚ್ಚರಿಸುವ ಯಂತ್ರ ಮಾಡಬೇಕೆಂಬುದು ಅವನ ಹಟ. ಸುರಂಗದ ಬಂಡೆಗೆ ಕಂಪನ ಹಿಡಿಯುವ ಉಪಕರಣ ಕಚ್ಚಿಸಿ, ಅಲ್ಲಿಂದ ಮೇಲಿನ ಶೆಡ್ಡಿಗೆ ತಂತಿ ಎಳೆದಿದ್ದ. ಬಂಡೆ ಸಣ್ಣಗೆ ಬಿರಿದರೂ ಶೆಡ್ಡಿನಲ್ಲಿ ಓಡುವ ಕಾಗದದ ಮೇಲೆ ಸೂಜಿ ಅಲುಗಿ ಗೆರೆ ಬರೆಯುತ್ತಿತ್ತು. ಪಾಳಿ ಶುರುವಾಗುವ ಮುನ್ನ ಸುರಂಗ ಸದ್ದಿಲ್ಲದಿರುವ ಹೊತ್ತಿನ ಗೆರೆ ಆರು ದಿನ ಶುದ್ಧವಾಗಿ ಸಿಕ್ಕರೆ ಸಾಕು, ಅದನ್ನು ಅಂಕಿಗಳಾಗಿಸಿ ಬೊಂಬಾಯಿಯ ಕಂಪ್ಯೂಟರಿಗೆ ಕೊಡಬಹುದಿತ್ತು. ಆ ಕಂಪ್ಯೂಟರಿನಲ್ಲಿ ಅವನಿಗೆ ಸಿಕ್ಕಿದ್ದು ಎರಡೇ ಗಂಟೆ, ಮಾರ್ಚ್ ಕೊನೆಯ ವಾರ. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಈಗಾಗಲೇ ಐದು ವರ್ಷ ಕಳೆದಿದ್ದವು. ಊರಿನಲ್ಲಿ "ಇನ್ನೂ ಓದ್ತಾನೇ ಅವ್ನಾ?" ಎಂದು ಕೇಳದವರಿರಲಿಲ್ಲ.

ಆ ಹನ್ನೊಂದು ನೆಗೆತಗಳ ಅಬ್ಬರದಲ್ಲಿ ಬಂಡೆಯ ಸಣ್ಣ ಸದ್ದು ಮುಳುಗಿ ಹೋಗುತ್ತಿತ್ತು. ಅಂಥ ಕಾಗದವನ್ನು ಸಂಸ್ಥೆಯ ಗುರುಗಳು ಮೂರು ಸಲ ವಾಪಸು ಕಳಿಸಿದ್ದರು. ಯಂತ್ರದ ವಾಲ್ವು ಬದಲಾಯಿಸಿದ, ತಂತಿ ಬದಲಾಯಿಸಿದ, ಮೋಟಾರುಗಳ ಮೇಲೆ ಅನುಮಾನಪಟ್ಟ. ಎರಡು ತಿಂಗಳು ತಲೆ ಕೆಡಿಸಿಕೊಂಡ.

"ಎಷ್ಟೊತ್ತಿಗೆ ನೆಗೀತದೆ?" ಎಂದ ಮಾವ.

"ಎಂಟೂ ಕಾಲಿಗೆ."

ಮುನಿನಾರಾಯಣಪ್ಪ ಕಿಟಕಿಯಾಚೆ ಉಗಿದು ಬಂದು ನಕ್ಕ. "ಅಯ್ಯೋ ಮಂಕೇ! ಅದು ನಾನು ಕಣ್ಲಾ. ಪಾಳಿ ಶುರುವಾಗೋಕೆ ಮುಂಚೆ ಹಾರೇಲಿ ಬಂಡೆ ತಟ್ತೀನಲ್ಲ. ಹನ್ನೊಂದು ಕಡೆ."

ಪಾಳಿಯ ಆಳುಗಳು ಸುರಂಗದ ಬಾಯಲ್ಲೇ ನಿಲ್ಲುವುದು, ಮುನಿನಾರಾಯಣಪ್ಪ ಹಾರೆ ಹಿಡಿದು ನೆತ್ತಿಯ ಬಂಡೆಯನ್ನು ತಟ್ಟುತ್ತ ಮುಂದೆ ಹೋಗುವುದು, 'ಕಣ್' ಎಂದರೆ ಗಟ್ಟಿ, 'ಡಬ್' ಎಂದರೆ ಸಡಿಲ. ಅವನು ಬನ್ನಿ ಎಂದ ಮೇಲೆಯೇ ಉಳಿದವರು ಕಾಲಿಡುವುದು. ಇಪ್ಪತ್ತೆರಡು ವರ್ಷದಿಂದ ಇದು ನಡೆದಿತ್ತು. ಎರಡು ತಿಂಗಳಿಂದ ಅದೇ ರೈಲಿನಲ್ಲಿ ಎದುರು ಕೂತಿದ್ದ ಮಾವನನ್ನು ಒಂದು ಮಾತು ಕೇಳಬೇಕೆಂದು ವೆಂಕಟೇಶಪ್ಪನಿಗೆ ತೋಚಿರಲಿಲ್ಲ.

"ಮಾವ, ಒಂದು ವಾರ ತಟ್ಟಬೇಡ."

"ಬೇರೆ ಏನಾರ ಕೇಳಪ್ಪ, ಮಾಡ್ತೀನಿ. ಇದೊಂದು ಬ್ಯಾಡ."

"ನನ್ನ ಯಂತ್ರ ಗೆದ್ದರೆ ನಿಮಗೇ ಒಳ್ಳೇದು. ಆಮೇಲೆ ಯಾರೂ ತಟ್ಟಬೇಕಾಗೇ ಇಲ್ಲ!"

"ಗೆದ್ಮೇಲೆ ಬಿಡ್ತೀನಿ. ಗೆಲ್ಲಾಗಂಟ ತಟ್ತೀನಿ."

ವೆಂಕಟೇಶಪ್ಪನಿಗೆ ಮೈಯೆಲ್ಲ ಉರಿಯಿತು. ಹೆಬ್ಬೆಟ್ಟು ಒತ್ತುವವನ ಹಟಕ್ಕೆ ತನ್ನ ಐದು ವರ್ಷ ನೀರುಪಾಲಾಗಬೇಕೇ? ಅವನು ರೈಲಿಳಿದವನೇ ನೇರ ಸುರಂಗದ ಮೇಲಧಿಕಾರಿಯ ಬಳಿ ಹೋದ. ಸಂಸ್ಥೆಯ ಪತ್ರ ತೋರಿಸಿ, ಪ್ರಯೋಗ ಮುಗಿಯುವವರೆಗೆ ಯಾರೂ ಬಂಡೆ ತಟ್ಟಕೂಡದೆಂಬ ಆರ್ಡರು ಬರೆಸಿಕೊಂಡ.

ಮರುದಿನವೂ ಸೂಜಿ ಹನ್ನೊಂದು ಸಲ ನೆಗೆಯಿತು. ಶೆಡ್ಡಿಗೆ ಬಂದ ಅಧಿಕಾರಿ ಕಾಗದ ನೋಡಿ, "ಆರ್ಡರು ಮುರಿದಿದ್ದಾನೆ. ಇದಕ್ಕಿಂತ ಸಾಕ್ಷಿ ಬೇಕೇ?" ಎಂದ. ಮುನಿನಾರಾಯಣಪ್ಪನನ್ನು ಒಂದು ವಾರ ಕೆಲಸದಿಂದ ನಿಲ್ಲಿಸಿದರು. ವೆಂಕಟೇಶಪ್ಪ ಏನೋ ಹೇಳಲು ಬಾಯಿ ತೆರೆದ, ಆರು ದಿನದ ಗೆರೆ ನೆನಪಾಗಿ ಮುಚ್ಚಿಕೊಂಡ.

ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ತಾಯಿ ಕದಿರಮ್ಮ ಮುದ್ದೆಯ ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು.

"ನನ್ನ ತಮ್ಮನ ಎಗಲ ಮೇಲೆ ಕುಂತು ಇಸ್ಕೂಲಿಗೆ ಹೋದೋನು ನೀನು. ನಿನ್ನ ಸೂಜಿ ಚಾಡಿ ಯೋಳೋದೂ ಕಲ್ತೈತೇನ್ಲಾ?"

"ಅಮ್ಮಾ, ನಿನಗೆ ಅರ್ಥ ಆಗಲ್ಲ."

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ಆ ಮುಕ್ಕಾಲು ಎಲ್ಲಿ ಬಿಟ್ಟು ಬಂದೆ?"

ಅವನು ಅರ್ಧ ಮುದ್ದೆ ಬಿಟ್ಟು ಎದ್ದ.

ಮುಂದಿನ ಎರಡು ದಿನ ಕಾಗದದ ಮೇಲೆ ಅವನು ಬಯಸಿದಂಥದೇ ಗೆರೆ ಬಂತು. ಎಂಟೂ ಕಾಲಿಗೆ ಸೂಜಿ ಸುಮ್ಮನೆ ಸಾಗಿತು. ಸಂತೋಷವಾಗಬೇಕಿತ್ತು, ರೈಲಿನಲ್ಲಿ ಎದುರಿನ ಖಾಲಿ ಜಾಗ ಆಗಗೊಡಲಿಲ್ಲ. ಮೂರನೆಯ ದಿನ ಏಳೂವರೆಗೇ ಸೂಜಿ ಸತ್ತಂತೆ ನಿಂತಿತು. ಕೆಳಗೆಲ್ಲೋ ತಂತಿ ಕಡಿದಿತ್ತು. ಬೈದುಕೊಳ್ಳುತ್ತ ಆಳುಗಳ ಜೊತೆ ಅವನೂ ಗಣಿಗೆ ಇಳಿದ.

ಸುರಂಗದ ಬಾಯಲ್ಲಿ ಎಲ್ಲರೂ ನಿಂತರು. ಮಾವನ ಜಾಗಕ್ಕೆ ಬಂದಿದ್ದ ಕುಪ್ಪುಸ್ವಾಮಿ ಹಾರೆಯನ್ನು ಗೋಡೆಗೊರಗಿಸಿ ಕೈಮುಗಿದ. "ಮಾರಿಯಮ್ಮಾ, ಕಾಪಾತ್ತಮ್ಮಾ." ಹಿಂದಿದ್ದವರೂ ಕೈಮುಗಿದರು. ಒಬ್ಬ ತಾಳಿಯಷ್ಟೇ ಜೋಪಾನವಾಗಿ ಕೊರಳ ತಾಯಿತವನ್ನು ಹಿಡಿದುಕೊಂಡಿದ್ದ.

"ಇದೇನು?" ಎಂದ ವೆಂಕಟೇಶಪ್ಪ.

"ಎರಡು ದಿನದಿಂದ ಹಿಂಗೇ ಸಾರ್. ತಟ್ಟಬಾರದು ಅಂತ ಆರ್ಡರು. ಸಾಮಿ ಮೇಲೆ ಭಾರ ಹಾಕಿ ಓಡಿಬಿಡ್ತೀವಿ." ಕುಪ್ಪುಸ್ವಾಮಿ ದೀಪ ಎತ್ತಿ ದಾರಿ ತೋರಿಸಿದ. "ತಂತಿ ಒಳಗಡೆ ಐತೆ. ನೀವು ಮುಂದೆ ಹೋಗಿ ಸಾರ್."

ಅವನ ದನಿಯಲ್ಲಿ ಕುಹಕವಿರಲಿಲ್ಲ. ವೆಂಕಟೇಶಪ್ಪ ನೆತ್ತಿಯ ಬಂಡೆ ನೋಡಿದ. ಕಪ್ಪಗೆ, ಒದ್ದೆಯಾಗಿ, ಮಾತಿಲ್ಲದೆ ಇತ್ತು. ಅವನ ಕಾಲು ಏಳಲಿಲ್ಲ. ಎಷ್ಟು ಬಯ್ದುಕೊಂಡರೂ ಏಳಲಿಲ್ಲ. ಶೆಡ್ಡಿನಲ್ಲಿ ಕೂತು ತಾನು ಮೆಚ್ಚಿದ ಆ ನೆಟ್ಟನೆ ಗೆರೆಯನ್ನು ಸೂಜಿ ಬರೆಯುವಾಗ ಇವರೆಲ್ಲ ಇದರ ಕೆಳಗೆ ಓಡಿದ್ದರು ಎಂಬುದನ್ನು ನೆನೆದು ಅವನಿಗೆ ನಾಚಿಕೆಯಿಂದ ಅಳು ಬರುವಂತಾಯಿತು.

ಹಾರೆ ಎತ್ತಿಕೊಂಡು ಒಮ್ಮೆ ತಟ್ಟಿದ. ಇನ್ನೊಮ್ಮೆ ತಟ್ಟಿದ. "ನನಗೆ ಎಲ್ಲಾ ಒಂದೇ ಥರ ಕೇಳ್ತದೆ," ಎಂದ.

"ನಮಗೂ ಅಷ್ಟೇ ಸಾರ್. ಅವರಿಗೇ ಗೊತ್ತು."

"ಹಾಗಾದ್ರೆ ಯಾರೂ ಒಳಗೆ ಹೋಗಬೇಡಿ," ಎಂದು ವೆಂಕಟೇಶಪ್ಪ ಮೇಲಕ್ಕೆ ಹೊರಟ.

"ನೀವು ಕೇಳಿದ್ರಿ ಅಂತಲೇ ಆರ್ಡರು ಕೊಟ್ಟೆ. ಇದೇನು ಮಕ್ಕಳಾಟವೇ?" ಎಂದು ಅಧಿಕಾರಿ ರೇಗಿದ. ವೆಂಕಟೇಶಪ್ಪ ತಪ್ಪು ತನ್ನದೆಂದು ಬರೆದುಕೊಟ್ಟ. ಆರ್ಡರು ವಾಪಸಾಯಿತು, ಮಾವನ ಶಿಕ್ಷೆಯೂ ರದ್ದಾಯಿತು. ಬೊಂಬಾಯಿಗೆ, ಈ ಸಲ ತನ್ನ ಸರದಿ ಬೇರೆಯವರಿಗೆ ಕೊಡಿ ಎಂದು ಕಾಗದ ಹಾಕಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗುರುಗಳಿಗೂ ಬರೆದ; ಅವರ ಉತ್ತರ ಹೇಗಿರುತ್ತದೆಂದು ಅವನಿಗೆ ಗೊತ್ತೇ ಇತ್ತು.

ಮರುದಿನ ರೈಲಿನಲ್ಲಿ ಮುನಿನಾರಾಯಣಪ್ಪ ಕಿಟಕಿಯಾಚೆ ನೋಡುತ್ತ ಕೂತಿದ್ದ. ವೆಂಕಟೇಶಪ್ಪ ಪಕ್ಕದಲ್ಲಿ ಹೋಗಿ ಕೂತು ಹಳೆಯ ಸುರುಳಿ ಬಿಚ್ಚಿದ.

"ಮಾವ, ಇದ್ರಲ್ಲಿ ಗಟ್ಟಿ ಯಾವ್ದು, ಸಡಿಲ ಯಾವ್ದು ಅಂತ ತೋರಿಸ್ತೀಯಾ?"

ರೈಲು ನಿಂತ ಮೇಲೆ ಮಾವ ಬುತ್ತಿ ಎತ್ತಿಕೊಂಡು ಎದ್ದ.

"ಕಾಗದದಾಗೆ ಗೊತ್ತಾಗಕ್ಕಿಲ್ಲ. ಕೆಳಗೆ ಬಾ."

ಕೆಳಗೆ ಮುನಿನಾರಾಯಣಪ್ಪ ತಟ್ಟುತ್ತ ನಡೆದ. ಹಿಂದೆ ವೆಂಕಟೇಶಪ್ಪ ಕಿವಿಗೊಟ್ಟು ನಡೆದ. ಕಡಿದ ತಂತಿ ಸಿಕ್ಕಿತು, ಕಟ್ಟಿದ. "ಮೊದಲಿಂದ ತಟ್ಟು ಮಾವ," ಎಂದ. ಹನ್ನೊಂದು ಪೆಟ್ಟು ಮುಗಿದ ಮೇಲೆ ಮಾವ ಹಾರೆಯನ್ನು ಅವನತ್ತ ಚಾಚಿದ. "ಈಗ ನೀನು. ಕಿವಿಲಿ ಕೇಳ್ಬೇಡ, ಕೈಲಿ ಕೇಳು."

ಅಂದಿನ ಕಾಗದದ ಮೇಲೆ ಹನ್ನೆರಡು ನೆಗೆತಗಳಿದ್ದವು. ವೆಂಕಟೇಶಪ್ಪ ಪೆನ್ಸಿಲು ಚೂಪು ಮಾಡಿ ಮೊದಲ ಹನ್ನೊಂದರ ಪಕ್ಕ 'ಮುನಿನಾರಾಯಣಪ್ಪ' ಎಂದು ಬರೆದ. ಹನ್ನೆರಡನೆಯದು ತೀರ ಸಣ್ಣದಿತ್ತು, ಸ್ವಲ್ಪ ಸೊಟ್ಟಗೂ ಇತ್ತು. ಅದರ ಪಕ್ಕ ತನ್ನ ಹೆಸರು ಬರೆದುಕೊಂಡ.