ಅಂಚಿನ ಹೆಸರು

ಉಜ್ವಲಾ ನಳದ ಕೆಳಗಿನ ಕೊಡ ಸರಿಸಿ ಇನ್ನೊಂದು ಇಡುವಷ್ಟರಲ್ಲಿ ಒಳಗಿನಿಂದ ಮೈದುನ ಪಪ್ಪು ಕರೆದ. ಸೊಲ್ಲಾಪುರದ ಆ ಓಣಿಗೆ ನೀರು ಬರುವುದೇ ಅಪರೂಪ. ಮನೆಯಲ್ಲಿ ಗಂಡನ ಹೆಣವಿದೆ ಎಂದು ನಳ ಕಾಯುವುದಿಲ್ಲ. ಬೆಳಗಿನ ಜಾವ ಎದೆ ಹಿಡಿದುಕೊಂಡು ಕುಳಿತ ದುರ್ಗಪ್ಪ ಮತ್ತೆ ಎದ್ದಿರಲಿಲ್ಲ.

ಒಳಗೆ ಮೈ ತೊಳೆದು ಚಟ್ಟದ ಮೇಲೆ ಮಲಗಿಸಿದ್ದರು.

"ವೈನಿ, ಟ್ರಂಕಿನ್ಯಾಗ ಹೊಸಾ ಕೋರಾ ಚಾದರ ಸಿಕ್ತು. ಅಣ್ಣಾನ ಕೈದಽ ಐತಿ, ಅವಂಗಽ ಹೊಚ್ಚೀವಿ," ಅಂದ ಪಪ್ಪು.

ಕೆಂಪು ಅಂಚಿನಲ್ಲಿ ಬಿಳಿ ನೂಲಿನ ಅಕ್ಷರಗಳು. ದಪ್ಪಗೆ, ಬಲಕ್ಕೆ ವಾಲಿ, ತುದಿಗಳಲ್ಲಿ ಪುಟ್ಟ ಪಾದ ಊರಿ ನಿಂತಿದ್ದವು: ಪೂನಮ. ಎಂಟು ವರ್ಷದ ಮಗಳ ಹೆಸರು.

ನೆರೆದವರೆಲ್ಲ ಆಡುವುದು ಕನ್ನಡ, ಕಲಿತದ್ದು ಮರಾಠಿ ಸಾಲೆಯಲ್ಲಿ. ಅತ್ತೆ ಕಮಳಾಬಾಯಿಗೆ ಓದೇ ಬಾರದು. ಅಕ್ಕಲಕೋಟೆ ಕಡೆಯ ಕನ್ನಡ ಸಾಲೆಯಲ್ಲಿ ಕಲಿತ ಉಜ್ವಲಾ ಒಬ್ಬಳೇ ಓದಿದಳು. ಬದುಕಿರುವ ಮಗುವಿನ ಹೆಸರು ಹೆಣದ ಮೇಲಿತ್ತು.

"ಅದನ್ನ ತಗೀರಿ. ಬ್ಯಾರೆ ಕೊಡತೀನಿ."

"ಹೊಚ್ಚಿದ್ದು ತಗೀತಾರೇನು?" ಕಮಳಾಬಾಯಿಯ ದನಿ ಒಣಗಿತ್ತು. "ಹೆಣದ ಮ್ಯಾಗಿನ ಅರಿವಿ ಮನಿಯಾಗ ಉಳದ್ರ ಇನ್ನೊಬ್ಬರ್ನ ಕರೀತೈತಿ. ನನ್ನ ಮಗಗ ಒಂದು ಚಾದರ ಹೆಚ್ಚಾತೇನು?"

ಹೆಸರು ಹೇಳಿದರೆ ಈ ಮುದುಕಿ ಇನ್ನು ಮೊಮ್ಮಗಳ ಪ್ರತಿ ಜ್ವರಕ್ಕೂ ಬೆಚ್ಚುತ್ತಾಳೆ. ಉಜ್ವಲಾ ಅಂಚನ್ನು ಮಡಚಿ ಅವನ ತೋಳಿನಡಿ ಸೇರಿಸಿದಳು.

*

ದುರ್ಗಪ್ಪ ಚಾದರದ ಕಾರಖಾನೆಯಲ್ಲಿ ಅಂಚಿನ ಅಕ್ಷರಗಳ ನಕ್ಷೆ ಬಿಡಿಸುತ್ತಿದ್ದ. ಹೆಚ್ಚಾಗಿ ಹೋಟೆಲುಗಳ ಇಂಗ್ಲಿಷ್ ಹೆಸರುಗಳು. ಅವರಿಗೆ ವಾಲಿದ, ದಪ್ಪನೆಯ, ಪಾದವಿರುವ ಅಕ್ಷರವೇ ಬೇಕು. ಚೌಕಳಿ ಕಾಗದದ ಮೇಲೆ ಓರೆ ಗೆರೆ ಮೆಟ್ಟಿಲಾಗುತ್ತದೆ. ಯಾವ ಮನೆ ತುಂಬಬೇಕು, ಯಾವುದನ್ನು ಬಿಡಬೇಕು ಎಂದು ನೋಡುತ್ತಲೇ ಅವನ ಕಣ್ಣು ಸವೆದವು. ಪಾದಕ್ಕೆ ಒಂದು ಎಳೆ ಕಡಿಮೆಯಾದರೂ ಮಗ್ಗದಲ್ಲಿ ಅದು ಕಾಣದೇ ಹೋಗುತ್ತಿತ್ತು.

ಪೂನಮ ಹುಟ್ಟಿದಾಗ ಹೆಂಡತಿಯಿಂದ ಹೆಸರು ಬರೆಸಿಕೊಂಡ. ಅವನಿಗೂ ಕನ್ನಡ ಓದಲು ಬರುತ್ತಿರಲಿಲ್ಲ.

"ನಿನ್ನ ಅಕ್ಷರಾ ಎಲ್ಲಾ ನಿನ್ನಂಗಽ ದುಂಡಗ ಅದಾವು. ವಾಲಿಸಿದ್ರ ಉರುಳಿ ಬೀಳ್ತಾವ. ಕಾಲ ಹಚ್ಚಿ ನಿಂದ್ರಸ್ತೀನಿ ತಡಿ," ಎಂದು ನಕ್ಕಿದ್ದ.

ಮಗಳ ಮದುವೆಗೆಂದು ಇಟ್ಟ ಚಾದರ ಅದು. ಆಮೇಲೆ ಕಾರಖಾನೆಗೆ ಕಂಪ್ಯೂಟರ್ ಬಂತು. ಅಕ್ಷರಗಳು ತಾವೇ ವಾಲತೊಡಗಿದವು. ಅವನನ್ನು ಗಂಟು ಹೊರಲು ಹಾಕಿದರು. ದೀಪಾವಳಿಗೊಮ್ಮೆ ಟ್ರಂಕು ತೆಗೆದಾಗ ಮಾತ್ರ ಮಗಳ ಬೆರಳು ಹಿಡಿದು ಆ ಹೆಸರಿನ ಮೇಲೆ ಆಡಿಸುತ್ತಿದ್ದ. ಮರಾಠಿ ಸಾಲೆಯ ಹುಡುಗಿಗೆ ಗೊತ್ತಿದ್ದ ಕನ್ನಡ ಅಕ್ಷರ ಅಷ್ಟೇ.

*

ಹೆಣವನ್ನು ಅವನ ಊರು ಕುರನೂರಿಗೆ ಮಣ್ಣಿಗೆ ಒಯ್ಯುವ ಗಾಡಿ ಓಣಿಯ ತುದಿಗೆ ಬಂದು ನಿಂತಿತು. ಪಕ್ಕದ ಮನೆಯ ಸಕ್ಕುಬಾಯಿ, ಅಲ್ಲಿಯವರೆಗೆ ತನ್ನಲ್ಲಿ ಕೂಡಿಸಿಕೊಂಡಿದ್ದ ಪೂನಮಳನ್ನು ಅಪ್ಪನ ಕಾಲು ಮುಟ್ಟಿಸಲು ಕರೆತಂದಳು. ಉಜ್ವಲಾ ಮಗಳನ್ನು ಕಾಲಿನ ಕಡೆಯೇ ನಿಲ್ಲಿಸಿ ಹೂ ಹಾಕಿಸಿದಳು. ಮುಖ ನೋಡಲಿ ಬಿಡು ಎಂದು ಯಾರೋ ಅಂದರು. ಅವಳು ಕೇಳಿಸಿಕೊಳ್ಳಲಿಲ್ಲ.

ಗಂಡಸರು ಚಟ್ಟಕ್ಕೆ ಹೆಗಲು ಕೊಟ್ಟರು. ಬಾಗಿಲು ದಾಟುವಾಗ ಅದು ಒಂದು ಕಡೆ ವಾಲಿ, ತೋಳಿನಡಿಯ ಅಂಚು ಜಾರಿ ಕೆಳಗೆ ಇಳಿಬಿತ್ತು. ಪೂನಮಳ ಕಣ್ಣೆದುರಿಗೇ.

ಹುಡುಗಿಯ ಬೆರಳು ಗಾಳಿಯಲ್ಲಿ ಮೆಲ್ಲಗೆ ಆಡಿತು, ಮೊದಲ ಅಕ್ಷರದಿಂದ ಕೊನೆಯದರವರೆಗೆ. ಅವಳು ತಾಯಿಯತ್ತ ತಿರುಗಿದಳು. ಉಜ್ವಲಾ ಬೇಡವೆಂದು ತಲೆಯಾಡಿಸಿದಳು. ಸೆರಗು ಬಾಯಿಗೆ ಹಿಡಿದಿದ್ದ ಕಮಳಾಬಾಯಿಯೂ ಮೊಮ್ಮಗಳನ್ನು ನೋಡುತ್ತಿದ್ದಳು.

"ಅವ್ವಾ, ಅಪ್ಪಾನ ಸಂಗಾಟ ನಾನೂ ಹೋಗಬೇಕೇನು?"